ಅರ್ಧ ಆಣೆಯ ಹೆಣ್ಣಾಳು: ಘಟ್ಟ ಇಳಿದು ಕಾರವಾರಕ್ಕೆ ಬಂದವಳು

(ದೃಶ್ಯ: ಬೈತಖೋಲ ಬಂದರು, ಹಿಂದೆ ಗುಡ್ಡ)

ನಮಸ್ಕಾರ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದಾಗ ಕಾರವಾರವು ಜಿಲ್ಲೆಯ ಮುಖ್ಯ ಪಟ್ಟಣವಾಯಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದೆ ಹೋಗಿದ್ದ ಆ ವರ್ಷಗಳಲ್ಲಿ, ಧಾರವಾಡ ಸೀಮೆಯ ಅರಳೆಯನ್ನು ಗಾಡಿಯಲ್ಲಿ ಘಟ್ಟ ಇಳಿಸಿ ಹಡಗಿಗೆ ಏರಿಸುವ ಲೆಕ್ಕಾಚಾರದಲ್ಲಿ ಸರ್ಕಾರ ರಸ್ತೆ ಮತ್ತು ಬಂದರಿನ ಕೆಲಸಗಳಿಗೆ ಕೈಹಾಕಿತು. ಕಲ್ಲು, ಮಣ್ಣು ಹೊರಲು ಆಳು ಬೇಕಾಯಿತು.

ಕೂಲಿಗೆ ಬಂದ ಹೆಂಗಸಿನ ಹೆಸರು ಸರ್ಕಾರಿ ಕಾಗದಗಳಲ್ಲಿ ಸಿಗುವುದು ಅಪರೂಪ. ಅವಳ ಕೂಲಿಯ ದರ ಮಾತ್ರ ಚೊಕ್ಕವಾಗಿ ಬರೆದಿಟ್ಟಿದೆ.

(ದೃಶ್ಯ: ಕೂಲಿಯ ಪಟ್ಟಿ)

1876ರಲ್ಲಿ ಮಳೆ ಕೈಕೊಟ್ಟು ಧಾರವಾಡ, ಬೆಳಗಾವಿ, ಕಲಾದಗಿ (ಇಂದಿನ ವಿಜಯಪುರ, ಬಾಗಲಕೋಟೆ ಸೀಮೆ) ಜಿಲ್ಲೆಗಳು ಬರಕ್ಕೆ ತುತ್ತಾದವು. ಮುಂಬಯಿ ಪ್ರಾಂತ್ಯದ ಬರಪರಿಹಾರ ಕಾಮಗಾರಿಗಳಲ್ಲಿ ಮೊದಲು ಗಂಡಾಳಿಗೆ ದಿನಕ್ಕೆ 2 ಆಣೆ (ಆಗ ರೂಪಾಯಿಗೆ 16 ಆಣೆ), ಹೆಣ್ಣಾಳಿಗೆ ಒಂದೂವರೆ ಆಣೆ ಇತ್ತು. 1877ರ ಜನವರಿಯಲ್ಲಿ ಅದನ್ನೂ ಇಳಿಸಿ, ಇಬ್ಬರಿಗೂ ಒಂದು ಪೌಂಡು ಕಾಳಿನ ಬೆಲೆ, ಅದರ ಮೇಲೆ ಗಂಡಸಿಗೆ 1 ಆಣೆ, ಹೆಂಗಸಿಗೆ ಅರ್ಧ ಆಣೆ ಎಂದು ಗೊತ್ತುಮಾಡಿದರು. ಒಂದು ಪೌಂಡು ಎಂದರೆ ಇಂದಿನ ಅರ್ಧ ಕಿಲೋಗೂ ಕಡಿಮೆ. ಉಪ್ಪು, ಮೆಣಸು, ಸೌದೆ, ದುಡಿಯಲಾರದ ಕೂಸಿನ ಹೊಟ್ಟೆ, ಎಲ್ಲವೂ ಆ ಅರ್ಧ ಆಣೆಯಲ್ಲೇ ಸಾಗಬೇಕು. ಹೆಂಗಸಿಗೆ ಹಸಿವು ಕಡಿಮೆ ಎಂದು ಯಾವ ಸಾಹೇಬ ಅಳೆದು ನೋಡಿದ್ದನೋ!

ಹೀಗೆ ಬಯಲುಸೀಮೆ ಬಿಟ್ಟು ಕರಾವಳಿಗೆ ಬಂದವಳೊಬ್ಬಳನ್ನು ಊಹಿಸಿಕೊಳ್ಳೋಣ. ಹಳೆಯ ಸೀರೆಯ ತುಂಡನ್ನು ಸಿಂಬಿ ಸುತ್ತಿ ತಲೆಗಿಟ್ಟು, ಅದರ ಮೇಲೆ ಜಲ್ಲಿಯ ಬುಟ್ಟಿ ಹೊತ್ತು, ಕೂಸನ್ನು ಮರದ ನೆರಳಿನಲ್ಲಿ ಮಲಗಿಸಿ ದುಡಿಯುವವಳು ಅವಳು. ಜೋಳದ ರೊಟ್ಟಿ ತಟ್ಟಿದ ಕೈಗೆ ಇಲ್ಲಿ ಸಿಗುವುದು ಕುಚಲಕ್ಕಿ ಗಂಜಿ. ಸಂತೆಯಲ್ಲಿ ಚೌಕಾಶಿ ಮಾಡಬೇಕೆಂದರೆ ಕೊಂಕಣಿ ಬೇಕು. ಘಟ್ಟದ ಕಾಡಿನ ಚಳಿಜ್ವರ ಬಂದರೆ ಅಂದಿನ ಕೂಲಿ ಇಲ್ಲ. ಮಳೆಗಾಲವಂತೂ ಎಲ್ಲಕ್ಕಿಂತ ಕಷ್ಟ: ಜೂನ್ ಬಂತೆಂದರೆ ಸಮುದ್ರ ಕೆರಳಿ ಹಡಗು ನಿಲ್ಲುತ್ತದೆ, ಗಾಡಿಗಳ ಓಡಾಟ ತಗ್ಗುತ್ತದೆ, ಸೋರುವ ಮಡಲಿನ ಬಿಡಾರದಲ್ಲಿ ಸಾಲ ಬೆಳೆಯುತ್ತದೆ.

ಇಷ್ಟಾದರೂ ಹತ್ತಿಯ ವ್ಯಾಪಾರ ಕಾರವಾರದಲ್ಲಿ ನೆಲೆಯೂರಲಿಲ್ಲ. 1888ರ ಹೊತ್ತಿಗೆ ಗೋವೆಯ ಮರ್ಮಗೋವಾ ಬಂದರಿಗೆ ಕ್ಯಾಸಲ್‌ರಾಕ್ ಮೂಲಕ ರೈಲು ಕೂಡಿಕೊಂಡಾಗ ಸರಕು ಅತ್ತ ತಿರುಗಿತು, ಬಂದರಿನ ಕೂಲಿಯನ್ನೇ ನಂಬಿದ್ದವರು ಬೇರೆ ಕೆಲಸ ಹುಡುಕಬೇಕಾಯಿತು.