ಕೈಗೆ ಕಟ್ಟುವ ವಾಚ್‌ಗೆ ಎರಡು ಮಿತಿ ಯಾಕೆ?

(ಮಲ್ಪೆ ಬೀಚ್, ಸಂಜೆ. ಕೈಯಲ್ಲಿರುವ ಸ್ಮಾರ್ಟ್‌ವಾಚ್ ಹತ್ತಿರದಿಂದ.)

ನಮಸ್ಕಾರ. ಏಪ್ರಿಲ್ ಸೆಕೆಯಲ್ಲಿ ಉಡುಪಿಯ ನಮ್ಮ ಚಿಕ್ಕಮ್ಮ ಸ್ಮಾರ್ಟ್‌ವಾಚ್ ಬಿಚ್ಚಿಟ್ಟುಬಿಟ್ಟರು. ಪಟ್ಟಿಯಡಿ ಚರ್ಮ ಕೆಂಪಾಗಿ ತುರಿಸುತ್ತಿತ್ತು. "ಇದು ರೇಡಿಯೇಷನ್ ಅಲ್ವಾ?" ಎಂದು ಕೇಳಿದರು. ಅಲ್ಲ, ಅದು ಬೆವರು. ಪಟ್ಟಿ ತೊಳೆದು, ಎರಡು ದಿನ ಬಿಟ್ಟ ಮೇಲೆ ಸರಿಹೋಯಿತು.

ಆದರೆ ಅವರ ಪ್ರಶ್ನೆ ಸುಮ್ನೆ ಬಿಡುವಂಥದ್ದಲ್ಲ.

ವಾಚ್, ಫೋನ್ ಕಳಿಸುವ ರೇಡಿಯೋ ಅಲೆ ಜಾಸ್ತಿಯಾದರೆ ಮೈ ಬಿಸಿಯಾಗುತ್ತದೆ. ಒಂದು ಕಿಲೋ ಮೈಭಾಗ ಎಷ್ಟು ವ್ಯಾಟ್ ಹೀರುತ್ತದೆ ಎಂಬ ಲೆಕ್ಕವೇ ಎಸ್‌ಎಆರ್. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್‌ಗೆ ಇದರ ಮಿತಿ ಕಿಲೋಗೆ 1.6 ವ್ಯಾಟ್. ಅದೂ ಬರೀ 1 ಗ್ರಾಂ ಭಾಗದ ಸರಾಸರಿಯಲ್ಲಿ.

ವಾಚ್ ವಿಷಯದಲ್ಲಿ ಅಮೆರಿಕದ ಎಫ್‌ಸಿಸಿ, ಅಂದರೆ ಅಲ್ಲಿನ ರೇಡಿಯೋ-ಫೋನ್ ನಿಯಂತ್ರಣ ಸಂಸ್ಥೆಯ ನಿಯಮ ನೋಡಿ. ಮಣಿಕಟ್ಟಿಗೆ ಮಿತಿ 4 ವ್ಯಾಟ್, 10 ಗ್ರಾಂ ಸರಾಸರಿಯಲ್ಲಿ. ಅಲ್ಲಿ ಮಿದುಳಿಲ್ಲ, ಕಣ್ಣಿಲ್ಲ. ಆದರೆ ಅದೇ ವಾಚನ್ನು ಬಾಯಿ ಹತ್ತಿರ ತಂದು ಮಾತಾಡುತ್ತೇವಲ್ಲ? ಆಗ 1.6ರ ಮಿತಿಯೇ. 10 ಮಿಲಿಮೀಟರ್ ದೂರದಲ್ಲಿಟ್ಟು ಅಳೆಯುತ್ತಾರೆ.

(ಅನಿಮೇಷನ್: ತೊಟ್ಟಿ, ರೋಬೋಟ್ ತೋಳು.)

ಅಳೆಯುವ ರೀತಿ ನನಗೆ ತುಂಬಾ ಇಷ್ಟ. ತೊಟ್ಟಿಯಲ್ಲಿ ಒಂದು ದ್ರವ ಇರುತ್ತದೆ. ಅದು ನಮ್ಮ ಮೈಯಂತೆಯೇ ಅಲೆ ಹೀರುತ್ತದೆ. ತೊಟ್ಟಿಯ ತಳಕ್ಕೆ ಹೊರಗಿನಿಂದ ವಾಚ್ ತಾಗಿಸಿ, ಪೂರ್ತಿ ಪವರ್‌ನಲ್ಲಿ ಓಡಿಸುತ್ತಾರೆ. ರೋಬೋಟ್ ತೋಳು ಸಣ್ಣ ಪ್ರೋಬನ್ನು ದ್ರವದೊಳಗೆ ಇಂಚಿಂಚೂ ಆಡಿಸಿ ಅಳೆಯುತ್ತದೆ.

ಪೂರ್ತಿ ಪವರ್ ಯಾಕೆ? ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತುವಾಗ ಸಿಗ್ನಲ್ ಇಳಿಯುತ್ತದೆ. ಆಗ ಸಿಮ್ ಇರುವ ವಾಚ್ ಟವರ್‌ಗೆ ಕೇಳಿಸಲು ಜೋರಾಗಿ ಕೂಗಬೇಕು. ಆ ಕೂಗನ್ನೂ ಮೊದಲೇ ಲೆಕ್ಕ ಹಾಕಿರುತ್ತಾರೆ.

ಬ್ಲೂಟೂತ್ ಇಯರ್‌ಬಡ್ಸ್‌ಗೆ ಹೆದರುವವರು ಇದನ್ನು ಕೇಳಿ. 4ಜಿ ಫೋನ್ ಹೆಚ್ಚೆಂದರೆ ಸುಮಾರು 200 ಮಿಲಿವ್ಯಾಟ್ ಕಳಿಸುತ್ತದೆ. ಬ್ಲೂಟೂತ್‌ನಲ್ಲಿ ಕ್ಲಾಸ್ 2 ಎಂಬ ಕಡಿಮೆ ಪವರ್ ವರ್ಗದ ಸಾಧನದ ಮಿತಿ 2.5 ಮಿಲಿವ್ಯಾಟ್ ಮಾತ್ರ.

ನನಗೆ ಚಿಂತೆ ಇರುವುದು ಬೇರೆ ಕಡೆ. ಹೆಸರಿಲ್ಲದ, ಕೈಪಿಡಿ ಇಲ್ಲದ ಅಗ್ಗದ ಸಿಮ್ ವಾಚ್‌ಗಳನ್ನು ಮಕ್ಕಳ ಕೈಗೆ ಕಟ್ಟುತ್ತೇವೆ. ಅದನ್ನು ಯಾರಾದರೂ ಅಳೆದಿದ್ದಾರಾ? ಬಾಕ್ಸ್ ಮೇಲಿನ ಬಿಐಎಸ್ (ನಮ್ಮ ದೇಶದ ಗುಣಮಟ್ಟ ಸಂಸ್ಥೆ) ಗುರುತು ಬೇಕೇ ಬೇಕು. ಆದರೆ ಅದು ವಿದ್ಯುತ್ ಸುರಕ್ಷತೆಯದ್ದು, ಎಸ್‌ಎಆರ್‌ನದ್ದಲ್ಲ. ದಯವಿಟ್ಟು ಕೊಳ್ಳುವ ಮೊದಲು ಕೈಪಿಡಿಯಲ್ಲಿ ಎಸ್‌ಎಆರ್ ಅಂಕಿ ಹುಡುಕಿ. ಕೈಗೆ ಎಷ್ಟು, ಬಾಯಿ ಹತ್ತಿರ ಎಷ್ಟು, ಎರಡನ್ನೂ ನೋಡಿ.

ಚಿಕ್ಕಮ್ಮನ ವಾಚ್‌ನಲ್ಲಿ ಸಿಮ್ ಇಲ್ಲ, ಬರೀ ಬ್ಲೂಟೂತ್. ಈಗ ಮತ್ತೆ ಕಟ್ಟಿಕೊಂಡಿದ್ದಾರೆ, ಸ್ವಲ್ಪ ಸಡಿಲ ಮಾಡಿ.