ಎಫ್‌ಸಿಯಲ್ಲಿ ಫೇಲಾದ ಡೀಸೆಲ್ ಕಾರು: ಮೊದಲು ಅಡಿಯ ತಗಡು, ಆಮೇಲೆ ಹೊಗೆ

ನಮಸ್ಕಾರ. 15 ವರ್ಷ ತುಂಬಿದ ಡೀಸೆಲ್ ಕಾರು ಆರ್‌ಟಿಒದ ಎಫ್‌ಸಿಯಲ್ಲಿ, ಅಂದರೆ ಫಿಟ್‌ನೆಸ್ ಪರೀಕ್ಷೆಯಲ್ಲಿ, ಫೇಲಾಗಿ ಮನೆಗೆ ವಾಪಸ್ ಬಂದರೆ ನಮ್ಮ ಮಂಗಳೂರು, ಉಡುಪಿ ಕಡೆ ಎಂತ ಮಾಡ್ತಾರೆ? ಸೀದಾ ಇಂಜಿನ್ ಕೆಲಸಕ್ಕೆ ಬಿಡ್ತಾರೆ. ಹೊಗೆ ಜಾಸ್ತಿ ಉಂಟು, ಡೀಸೆಲ್ ಚಿಮ್ಮುವ ಇಂಜೆಕ್ಟರ್ ಮಾಡಿಸುವ, ಗಾಳಿ ತಳ್ಳುವ ಟರ್ಬೊ ಮಾಡಿಸುವ ಅಂತ ದೊಡ್ಡ ಬಿಲ್ ಆಗ್ತದೆ. ಅಷ್ಟೆಲ್ಲ ಆದ ಮೇಲೆ ಕಾರು ಎತ್ತಿ ನೋಡಿದರೆ ಅಡಿಯಲ್ಲಿ ತಗಡೇ ಉಳಿದಿಲ್ಲ. ಈ ಕ್ರಮ ಬದಲಾಗ್ಬೇಕು. ಕರಾವಳಿಯಲ್ಲಿ ಹಳೆ ಕಾರಿನ ಆಯುಷ್ಯ ಇರುವುದು ಅದರ ತಗಡಿನಲ್ಲಿ. ಅದನ್ನು ನೋಡದೆ ಇಂಜಿನ್‌ಗೆ ಒಂದು ರೂಪಾಯಿಯೂ ಹಾಕ್ಬೇಡಿ.

ಅಡಿಗೆ ವಾಟರ್ ಸರ್ವಿಸ್ ಮಾಡಿಸಿ, ಒಂದು ದಿನ ಒಣಗಲಿಕ್ಕೆ ಬಿಟ್ಟು, ಕಾರನ್ನು ರ‍್ಯಾಂಪಿಗೆ ಹತ್ತಿಸಿ. ಒಂದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಸಾಕು. ಮೆಲ್ಲ ಬಡಿದರೆ ಒಳ್ಳೆ ತಗಡು ಟಣ್ ಅಂತದೆ, ತಿಂದುಹೋದದ್ದು ಮೊದ್ದಾಗಿ ಕೇಳ್ತದೆ. ಡಾಂಬರಿನ ಹಾಗೆ ದಪ್ಪಕ್ಕೆ ಅಂಡರ್‌ಕೋಟಿಂಗ್ ಬಳಿದಿದ್ದರೆ ಇನ್ನೂ ಜಾಗ್ರತೆ ಬೇಕು, ಅದರ ಹಿಂದೆ ಏನೂ ಇಲ್ಲದೆ ಇರಬಹುದು. ಸ್ಕ್ರೂಡ್ರೈವರ್ ಒತ್ತಿದಾಗ ಒಳಗೆ ಹೋದರೆ ಅಲ್ಲಿ ಲೋಹ ಮುಗಿದಿದೆ ಅಂತಲೇ ಅರ್ಥ.

ನಮ್ಮಲ್ಲಿ ಇಷ್ಟು ತುಕ್ಕು ಯಾಕೆ? ಪಣಂಬೂರು, ಉಳ್ಳಾಲ, ಮಲ್ಪೆ ಕಡೆ ಅಂಗಳದಲ್ಲಿ ನಿಂತ ಕಾರಿನ ಮೇಲೆ ಕಡಲಗಾಳಿಯ ಉಪ್ಪು ವರ್ಷವಿಡೀ ಕೂರ್ತದೆ. ಹೈವೇ 66ರಲ್ಲಿ ಮೀನಿನ ಲಾರಿ ಸುರಿಸಿದ ಉಪ್ಪುನೀರು ಚಕ್ರದಿಂದ ಹಾರಿ ಸೀದಾ ಅಡಿಗೆ ಬಡೀತದೆ. ಮತ್ತೆ ನಾಲ್ಕು ತಿಂಗಳ ಮಳೆ. ಬಾಗಿಲಿನ ಕೆಳಗಿನ ಸಿಲ್‌ನಲ್ಲಿ ನೀರು ಇಳಿಯಲಿಕ್ಕೆ ಸಣ್ಣ ತೂತುಗಳು ಉಂಟು. ಅವು ಕೆಂಪು ಮಣ್ಣಿನಿಂದ ಕಟ್ಟಿಕೊಂಡರೆ ನೀರು ಒಳಗೇ ನಿಂತು ತುಕ್ಕು ಒಳಗಿಂದ ಹೊರಗೆ ಬರ್ತದೆ. ಪೇಂಟಿನಲ್ಲಿ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ತುಂಬಾ ತಿಂದಾಗಿರ್ತದೆ. ಇನ್ನೊಂದು ಜಾಗ ವೈಪರ್ ಕೆಳಗಿನ ಜಾಲರಿ. ಅಲ್ಲಿ ಹಲಸು, ಮಾವಿನ ಎಲೆ ಕೊಳೆತು ನೀರಿನ ದಾರಿ ಮುಚ್ಚಿದರೆ ಆ ನೀರು ಡ್ಯಾಶ್‌ಬೋರ್ಡ್ ಅಡಿಯಿಂದ ಕಾಲಿನ ಹತ್ತಿರಕ್ಕೆ ಇಳೀತದೆ. ಹಾಗಾಗಿ ಮ್ಯಾಟ್ ತೆಗೆದು, ಕಾರ್ಪೆಟನ್ನೂ ಎತ್ತಿ ನೋಡಿ.

ಈಗ ತೀರ್ಮಾನ. ಸ್ವಿಫ್ಟ್, ಇಂಡಿಕಾದಂಥ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುವುದು. ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ್ದು) ಕೂರುವ ಜಾಗ, ಸೀಟ್‌ಬೆಲ್ಟಿನ ಬೋಲ್ಟ್ ಹಿಡಿದ ಜಾಗ, ಹಿಂದಿನ ಆಕ್ಸಲ್ ಬಾಡಿಗೆ ಸೇರುವ ಜಾಗ, ಈ ಮೂರರಲ್ಲಿ ಎಲ್ಲಿಯಾದರೂ ತೂತು ಬಿದ್ದಿದ್ದರೆ ನನ್ನ ಮಾತು ಸ್ಪಷ್ಟ: ಆ ಕಾರನ್ನು ಬಿಡಿ. ಅಂಗೀಕೃತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಸರ್ಟಿಫಿಕೇಟ್ ತಗೊಳ್ಳಿ. ಕ್ವಾಲಿಸ್, ಬೊಲೆರೊ, ಇನ್ನೋವಾಕ್ಕೆ ಬೇರೆ ಚಾಸಿ ಉಂಟು. ಚಾಸಿ ಗಟ್ಟಿ ಇದ್ದರೆ ಫ್ಲೋರ್ ತಗಡು ಹೋದರೂ ಮಾಡಿಸಬಹುದು.

ಸಿಲ್, ಫ್ಲೋರ್, ಸ್ಟೆಪ್ನಿ ಇಡುವ ಗುಂಡಿ, ಇವು ಟಿಂಕರಿಂಗ್‌ನಲ್ಲಿ ಸರಿಯಾಗ್ತವೆ. ಆದರೆ ತುಕ್ಕಿನ ಮೇಲೆ ಪ್ಯಾಚ್ ಹಾಕಿಸಿದರೆ ಎರಡನೇ ಮಳೆಗಾಲದಲ್ಲಿ ಮತ್ತೆ ಅದೇ ಕತೆ. ಒಳ್ಳೆ ತಗಡು ಸಿಗುವ ತನಕ ಕತ್ತರಿಸಬೇಕು. ಗ್ಯಾಸ್ ವೆಲ್ಡಿಂಗ್‌ನ ಬಿಸಿಗೆ ತೆಳು ತಗಡು ಸೊಟ್ಟಗಾಗ್ತದೆ, ಸಿಒ2 ವೆಲ್ಡಿಂಗೇ ಆಗ್ಬೇಕು. ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿಸಿ, ಇಲ್ಲದಿದ್ದರೆ ಇಸಿಎಂ (ಇಂಜಿನ್‌ನ ಕಂಪ್ಯೂಟರ್) ಸುಟ್ಟುಹೋಗಬಹುದು. ಆಮೇಲೆ ಝಿಂಕ್ ಪ್ರೈಮರ್, ಜಾಯಿಂಟಿಗೆ ಸೀಲರ್, ಕೊನೆಗೆ ಸಿಲ್‌ನ ಒಳಗೆ ಕ್ಯಾವಿಟಿ ವ್ಯಾಕ್ಸ್, ಅಂದರೆ ಪೊಳ್ಳು ಜಾಗಕ್ಕೆ ಹೊಡೆಯುವ ಮೇಣ. ಈ ಕೊನೆಯದನ್ನು ಹೆಚ್ಚಿನವರು ಬಿಡ್ತಾರೆ. ವೆಲ್ಡಿಂಗ್‌ನ ಬಿಸಿಗೆ ಒಳಬದಿಯ ಪೇಂಟ್ ಸುಟ್ಟಿರ್ತದಲ್ಲ, ಅಲ್ಲಿಂದಲೇ ತುಕ್ಕು ಮತ್ತೆ ಶುರು. ಭಾರ ಹೊರುವ ಜಾಗಕ್ಕೆ ಪುಟ್ಟಿ, ಫೈಬರ್ ಹಾಕಿ ಪೇಂಟ್ ಹೊಡೆಸುವುದು ಮನೆಯವರಿಗೇ ಮಾಡುವ ಮೋಸ.

ತಗಡು ಪಾಸಾಯ್ತು ಅಂತಾದರೆ ಹೊಗೆಗೆ ಬನ್ನಿ. ಬಿಎಸ್ 4 (ಭಾರತ್ ಸ್ಟೇಜ್ 4 ಎಮಿಷನ್ ನಿಯಮ) ಬರುವುದಕ್ಕಿಂತ ಹಳೆ ಡೀಸೆಲ್ ಕಾರಿಗೆ ಹೊಗೆಯ ದಟ್ಟಣೆಯ ಮಿತಿ ಕೆ ವ್ಯಾಲ್ಯೂ ಲೆಕ್ಕದಲ್ಲಿ 2.45, ಇನ್ನೊಂದು ಅಳತೆಯಲ್ಲಿ 65 ಹಾರ್ಟ್ರಿಜ್ ಯೂನಿಟ್. ಬಿಎಸ್ 4ಕ್ಕೆ 1.62, ಅಂದರೆ 50. ಬಿಎಸ್ 4 ನಿಯಮ ಬೆಂಗಳೂರಿಗೆ 2010ರಲ್ಲೇ ಬಂದಿತ್ತು, ನಮ್ಮ ಊರಿಗೆ ಕಡ್ಡಾಯವಾದದ್ದು ಎಷ್ಟೋ ವರ್ಷ ಆದ ಮೇಲೆ. ಅದರಿಂದ 2010, 2011ರ ಕಾರು ಯಾವುದೂ ಆಗಿರಬಹುದು. ಎಮಿಷನ್ ಸೆಂಟರ್‌ನವರು ಯಾವ ಮಿತಿ ಹಾಕಿದ್ದಾರೆ ಅಂತ ಆರ್‌ಸಿ ಜೊತೆ ತಾಳೆ ನೋಡಿ. ತಪ್ಪು ಮಿತಿ ಹಾಕಿದರೆ ಸರಿಯಿರುವ ಕಾರೂ ಫೇಲಾಗ್ತದೆ.

ಬಣ್ಣ ನೋಡಿ ಕಾರಣ ಹುಡುಕಿ. ಬಿಳಿ ಹೊಗೆ ಬೆಳಿಗ್ಗೆ ಮಾತ್ರ ಬಂದು ಹೋದರೆ ತಣ್ಣಗಿನ ಇಂಜಿನ್‌ಗೆ ಬಿಸಿ ಕೊಡುವ ಗ್ಲೋ ಪ್ಲಗ್ ನೋಡಿಸಿ. ಬಿಸಿಯಾದ ಮೇಲೂ ಬಂದು ಕೂಲೆಂಟ್ ಕಡಿಮೆಯಾಗ್ತಾ ಇದ್ದರೆ ಹೆಡ್ ಗ್ಯಾಸ್ಕೆಟ್. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಸುಡ್ತಾ ಉಂಟು: ಟರ್ಬೊ ಸೀಲ್, ವಾಲ್ವ್ ಸೀಲ್, ಇಲ್ಲವೇ ರಿಂಗ್. ಎಮಿಷನ್‌ನಲ್ಲಿ ಫೇಲ್ ಮಾಡಿಸುವುದು ಹೆಚ್ಚಾಗಿ ಕಪ್ಪು ಹೊಗೆ. ಡೀಸೆಲ್‌ಗೆ ಬೇಕಾದಷ್ಟು ಗಾಳಿ ಸಿಗುವುದಿಲ್ಲ ಅಂತ ಅದರ ಅರ್ಥ. ಹಾಗಾಗಿ ಗಾಳಿ ಬರುವ ದಾರಿಯಲ್ಲೇ ಹುಡುಕಬೇಕು. ಮೊದಲು ಏರ್ ಫಿಲ್ಟರ್ ಹೊಸದು ಹಾಕಿ, ಊದಿ ಹಾಕಿದ್ದು ಬೇಡ. ಎರಡನೆಯದು ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್. ಆಯಿಲ್ ಹಿಡಿದು ಮೆತ್ತಗಾಗಿ ಅಡಿಭಾಗದಲ್ಲಿ ಸೀಳಿರ್ತದೆ, ಮೇಲಿಂದ ಕಾಣುವುದಿಲ್ಲ, ಕೈ ಹಾಕಿ ಮುಟ್ಟಿಯೇ ನೋಡ್ಬೇಕು. ಮೂರನೆಯದು ಇಜಿಆರ್ ವಾಲ್ವ್, ಸುಟ್ಟ ಗಾಳಿಯನ್ನು ಸ್ವಲ್ಪ ಮಾತ್ರ ಇಂಜಿನ್‌ಗೆ ತಿರುಗಿ ಬಿಡುವಂಥದ್ದು. ಕರಿ ಹಿಡಿದು ತೆರೆದೇ ನಿಂತರೆ ಸುಟ್ಟ ಗಾಳಿಯೇ ತಿರುಗಿ ಒಳಗೆ ಹೋಗ್ತದೆ. ಬಿಚ್ಚಿ ಕ್ಲೀನ್ ಮಾಡಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿ. ತಗಡು ಇಟ್ಟು ಬ್ಲಾಂಕ್ ಮಾಡಿಸಿದರೆ ಹೊಗೆ ಕಡಿಮೆ ಕಾಣಬಹುದು, ಆದರೆ ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್ ಜಾಸ್ತಿಯಾಗ್ತದೆ. ನಿಮ್ಮ ಹಿಂದೆ ಬೈಕಿನಲ್ಲಿ ಬರುವವರ ಎದೆಗೇ ಹೋಗುವ ಗಾಳಿ ಅದು. ಹಾಗೆ ಮಾಡ್ಬೇಡಿ ಅಂತ ಕೈ ಮುಗಿದು ಹೇಳ್ತೇನೆ.

ಇಷ್ಟೂ ಸರಿ ಇದ್ದು ಹೊಗೆ ನಿಲ್ಲದಿದ್ದರೆ ಮಾತ್ರ ಇಂಜೆಕ್ಟರ್. ಕಾಮನ್ ರೇಲ್ (ಎಲ್ಲ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಶರ್ ಪೈಪಿನಿಂದ ಡೀಸೆಲ್ ಹೋಗುವ) ಕಾರಾದರೆ ಬಿಚ್ಚುವ ಮೊದಲೇ ರಿಟರ್ನ್ ಟೆಸ್ಟ್ ಮಾಡಿಸಿ. ನಾಲ್ಕು ಇಂಜೆಕ್ಟರ್‌ನ ರಿಟರ್ನ್ ಪೈಪನ್ನು ನಾಲ್ಕು ಬಾಟಲಿಗೆ ಬಿಟ್ಟು ಐದು ನಿಮಿಷ ಐಡ್ಲಿಂಗ್. ಒಂದರಲ್ಲಿ ಉಳಿದವಕ್ಕಿಂತ ತುಂಬಾ ಜಾಸ್ತಿ ತುಂಬಿದರೆ ಅದು ಒಳಗೆ ಸವೆದಿದೆ. ಆ ಒಂದನ್ನು ಟೆಸ್ಟ್ ಬೆಂಚಿಗೆ ಕಳಿಸಿ, ನಾಲ್ಕನ್ನೂ ಬದಲಿಸುವ ಅಗತ್ಯ ಎಲ್ಲ ಸಲ ಇರುವುದಿಲ್ಲ. ತಿರುಗಿ ಹಾಕುವಾಗ ತಾಮ್ರದ ವಾಷರ್ ಹೊಸದೇ ಬೇಕು. ಹಳತನ್ನೇ ಹಾಕಿದರೆ ಗ್ಯಾಸ್ ಸೋರಿ ಇಂಜೆಕ್ಟರ್ ಸುತ್ತ ಕರಿ ಕಲ್ಲಿನ ಹಾಗೆ ಗಟ್ಟಿಯಾಗಿ, ಮುಂದಿನ ಸಲ ಬಿಚ್ಚುವಾಗ ಹೆಡ್ಡಿಗೇ ಪೆಟ್ಟು. ಹಳೆ ಇಂಡಿಕಾದಂಥ ಮೆಕ್ಯಾನಿಕಲ್ ಪಂಪ್‌ನ ಕಾರಿನಲ್ಲಿ, ಪಿಕಪ್ ಬರ್ಲಿ ಅಂತ ಪಂಪಿನ ಸ್ಕ್ರೂವನ್ನು ಯಾರಾದರೂ ತಿರುಗಿಸಿರ್ತಾರೆ. ಸೀಲ್ ಒಡೆದಿದ್ದರೆ ಡೀಸೆಲ್ ಪಂಪ್ ಅಂಗಡಿಯಲ್ಲಿ ಸೆಟ್ ಮಾಡಿಸಿ, ಅಂದಾಜಿನಲ್ಲಿ ತಿರುಗಿಸ್ಬೇಡಿ.

ಇದೊಂದನ್ನು ದಯವಿಟ್ಟು ನೆನಪಿಡಿ. ಹೊಗೆ ಟೆಸ್ಟಿನಲ್ಲಿ ಗೇರ್ ಇಲ್ಲದೆ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ, ಅದೂ ಒಂದರ ಹಿಂದೆ ಒಂದು ಹಲವು ಸಲ. ಇಂಡಿಕಾ, ಲೋಗನ್‌ನ ಡೀಸೆಲ್ ಇಂಜಿನ್‌ಗೆ ವಾಲ್ವ್ ನಡೆಸುವ ಟೈಮಿಂಗ್ ಬೆಲ್ಟ್ ಉಂಟು. ಬೆಲ್ಟ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲದಿದ್ದರೆ ಟೆಸ್ಟಿಗೆ ಮೊದಲೇ ಬೆಲ್ಟ್, ಟೆನ್ಶನರ್ ಎರಡನ್ನೂ ಬದಲಿಸಿ. ಆ ಆರ್‌ಪಿಎಂನಲ್ಲಿ ಬೆಲ್ಟ್ ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡೀತದೆ, ಇಂಜಿನ್ ಅಲ್ಲೇ ಮುಗೀತು. ಸ್ವಿಫ್ಟ್‌ನ 1.3 ಡೀಸೆಲ್‌ಗೆ ಚೈನ್ ಉಂಟು. ಅದರಲ್ಲೂ ಸ್ಟಾರ್ಟ್ ಮಾಡುವಾಗ ಗರಗರ ಸದ್ದು ಬಂದರೆ ಮೊದಲು ಚೈನ್ ನೋಡಿಸಿ.

ಬ್ರೇಕ್‌ನಲ್ಲಿ ನಮ್ಮ ಕಡೆ ತೊಂದರೆ ಹೆಚ್ಚಾಗಿ ಹಿಂದಿನ ಡ್ರಮ್‌ನದ್ದು. ವೀಲ್ ಸಿಲಿಂಡರ್ ಸೋರ್ತದೆ, ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಜಾಮ್ ಆಗ್ತದೆ. ಕಬ್ಬಿಣದ ಬ್ರೇಕ್ ಪೈಪ್ ಕ್ಲಿಪ್ ಹಿಡಿದಲ್ಲೇ ತಿಂದುಹೋಗ್ತದೆ, ಅದಕ್ಕೆ ತುಂಡು ಜೋಡಣೆ ಬೇಡ, ಪೂರ್ತಿ ಪೈಪ್ ಹಾಕಿಸಿ, ಆಯಿಲೂ ಹೊಸದು ಹಾಕಿಸಿ. ಹೆಡ್‌ಲೈಟ್ ಹಳದಿಯಾಗಿದ್ದರೆ 1000, 2000, 3000 ನಂಬ್ರದ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಮೇಲೆ ಯುವಿ ಕ್ಲಿಯರ್ ಹೊಡೆಸಿ. ಕ್ಲಿಯರ್ ಹೊಡೆಸದಿದ್ದರೆ ಸ್ವಲ್ಪ ತಿಂಗಳಲ್ಲೇ ಮತ್ತೆ ಹಳದಿ. ಅಂಗಡಿಯಿಂದ ತಂದು ಹಾಕಿದ ಎಲ್‌ಇಡಿ ಬಲ್ಬ್ ತೆಗೆದು ಕಂಪೆನಿಯದ್ದೇ ಹ್ಯಾಲೊಜೆನ್ ಹಾಕಿ. ಎಲ್‌ಇಡಿಯ ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೀತದೆ, ಬ್ರೇಕ್ ಇನ್‌ಸ್ಪೆಕ್ಟರ್ (ಆರ್‌ಟಿಒದ ವಾಹನ ಇನ್‌ಸ್ಪೆಕ್ಟರ್) ಫೇಲ್ ಮಾಡಿದರೆ ಅದು ಸರಿಯೇ. ಟಯರ್ ಗೆರೆ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು.

ಆರ್‌ಸಿ ಮುಗಿಯುವ 60 ದಿನ ಮೊದಲಿಂದ ಫಾರ್ಮ್ 25ರಲ್ಲಿ ಅರ್ಜಿ ಹಾಕಬಹುದು. ತಡವಾದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ದಂಡ. 2022ರಲ್ಲಿ ರಿನೀವಲ್ ಶುಲ್ಕವೇ 5,000 ಆಯ್ತು, ಅದರ ಮೇಲೆ ಗ್ರೀನ್ ಟ್ಯಾಕ್ಸ್. ಪಾಸಾದರೆ ಮತ್ತೆ 5 ವರ್ಷ. ವೆಲ್ಡಿಂಗ್, ಪೇಂಟ್ ಕೆಲಸವನ್ನು ಮಳೆಗೆ ಮೊದಲೇ, ಮೇ ಒಳಗೆ ಮುಗಿಸಿ. ಒದ್ದೆ ಗಾಳಿಯಲ್ಲಿ ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ.

ಎಮಿಷನ್‌ಗೆ ಹೋಗುವ ದಿನ ಇಂಜಿನ್ ಬಿಸಿ ಇರಲಿ, ಆಯಿಲ್ 60 ಡಿಗ್ರಿಗಿಂತ ಕೆಳಗೆ ಇರಬಾರದು. ಸುರತ್ಕಲ್‌ನಿಂದ ಮುಲ್ಕಿಯವರೆಗೆ ಒಂದು ಗೇರ್ ಕೆಳಗೆ ಇಟ್ಟು ಓಡಿಸಿ ಬನ್ನಿ. ಊರೊಳಗೆ ನಿಧಾನ ಓಡಿಸಿ ಸೈಲೆನ್ಸರ್‌ನಲ್ಲಿ ಕೂತ ಕರಿ ಹೈವೇಯಲ್ಲೇ ಹಾರಿಹೋಗ್ತದೆ. ವಾಪಸ್ ಬಂದು ಇಂಜಿನ್ ಆಫ್ ಮಾಡದೆ ಸೀದಾ ಟೆಸ್ಟಿಗೆ ಕೊಡಿ.