ಖಾಲಿ ಲಿಸ್ಟ್ ಎಲ್ಲಿ ಹುಟ್ಟಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಸೆನ್ಸರ್ ಇದೆ ಅಂದುಕೊಳ್ಳಿ. ನಿಮಿಷಕ್ಕೊಂದು ಸಲ ತಾಪಮಾನ ಹೇಳುತ್ತದೆ, ಗಂಟೆಗೆ 60 ಅಳತೆ. ಅವನ್ನೆಲ್ಲ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಲಿಸ್ಟ್‌ಗೆ, ಅಂದರೆ ಅಳತೆಗಳನ್ನು ಸಾಲಾಗಿ ಇಡುವ ಚೀಲಕ್ಕೆ, ತುಂಬಬೇಕು. ನಾನು ಮೊದಲ ಸಲ ಬರೆದಾಗ ಗಂಟೆಯ ಕೊನೆಗೆ ಲಿಸ್ಟ್‌ನಲ್ಲಿ ಇದ್ದದ್ದು ಒಂದೇ ಅಳತೆ, ಕಟ್ಟಕಡೆಯದು. ಎರರ್ ಏನೂ ಬರಲಿಲ್ಲ. ಖಾಲಿ ಲಿಸ್ಟ್ ಮಾಡುವ ಸಾಲನ್ನು ಪ್ರತಿ ಅಳತೆಗೂ ಮತ್ತೆ ಮತ್ತೆ ಸುತ್ತುವ ಲೂಪ್‌ನ ಒಳಗೆ ಬರೆದಿದ್ದೆ! ಪ್ರತಿ ಸುತ್ತಿಗೂ ಹೊಸ ಖಾಲಿ ಚೀಲ, ತುಂಬಿದ್ದೆಲ್ಲ ಮಾಯ. ಆ ಸಾಲು ಲೂಪ್‌ಗಿಂತ ಮೇಲೆ ಇರಬೇಕಿತ್ತು, ಅಷ್ಟೇ.

ಇನ್ನೊಂದು ತಪ್ಪು ಇದಕ್ಕಿಂತ ಒಳ್ಳೆಯದು, ಯಾಕಂದರೆ ಅದು ಕಿರುಚುತ್ತದೆ. ಲಿಸ್ಟ್‌ನ ಕೊನೆಗೆ ಅಳತೆ ಸೇರಿಸಲು ಅಪೆಂಡ್ ಮಾಡಿ ಅದರ ಉತ್ತರವನ್ನು ಮತ್ತೆ ಅದೇ ಹೆಸರಿಗೆ ಕೊಟ್ಟರೆ ಲಿಸ್ಟ್ ಹೋಗಿ ನನ್, ಅಂದರೆ ಪೈಥಾನ್‌ನ ‘ಏನೂ ಇಲ್ಲ’, ಬಂದು ಕೂರುತ್ತದೆ. ಅಪೆಂಡ್ ಇದ್ದ ಲಿಸ್ಟ್‌ಗೇ ಸೇರಿಸುತ್ತದೆ, ನಮಗೆ ಏನನ್ನೂ ವಾಪಸ್ ಕೊಡುವುದಿಲ್ಲ. ಎರಡನೇ ಸುತ್ತಿಗೇ ಎರರ್ ಬರುತ್ತದೆ.

ಅಳತೆ ಫೈಲ್‌ನಿಂದ ಬಂದರೆ ಅದು ಅಂಕಿಯ ಹಾಗೆ ಕಾಣುತ್ತದೆ, ಆದರೆ ಪೈಥಾನ್‌ಗೆ ಅದು ಸುಮ್ನೆ ಅಕ್ಷರ. ಅದನ್ನು ಹಾಗೆಯೇ ತುಂಬಿ ಅತಿ ದೊಡ್ಡದು ಯಾವುದು ಅಂತ ಕೇಳಿ ನೋಡಿ. 10.2 ಬಿಟ್ಟು 9.8 ತೋರಿಸುತ್ತದೆ. ಮೊದಲ ಅಕ್ಷರ ನೋಡುತ್ತದೆ, 1ಕ್ಕಿಂತ 9 ದೊಡ್ಡದು ಅಲ್ವಾ? ತುಂಬುವ ಮೊದಲೇ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ, ಮಾಡಿಬಿಡಿ.

ಈಗ ನನಗೆ ಜಾಸ್ತಿ ತಲೆ ತಿಂದ ವಿಷಯ. ಎರಡು ಲಿಸ್ಟ್ ಇವೆ, ಒಂದು ಸಮಯದ್ದು, ಒಂದು ತಾಪಮಾನದ್ದು. 17ನೇ ನಿಮಿಷದಲ್ಲಿ ಸೆನ್ಸರ್ ಉತ್ತರ ಕೊಡಲಿಲ್ಲ. ಸಮಯ ಬರೆದಿರಿ, ತಾಪಮಾನ ಬಿಟ್ಟಿರಿ. ಈಗ 60 ಸಮಯ, 59 ತಾಪಮಾನ. 18ನೆಯದು 17ರ ಜಾಗಕ್ಕೆ ಬಂದು ಕೂತಿತು, ಅಲ್ಲಿಂದ ಮುಂದೆ ಎಲ್ಲವೂ ಒಂದು ನಿಮಿಷ ಸುಳ್ಳು. ಎರಡು ಲಿಸ್ಟ್‌ಗಳನ್ನು ಜೋಡಿ ಜೋಡಿಯಾಗಿ ಸೇರಿಸುವ ಜಿಪ್ ಬಳಸಿದರೆ ಅದು ಚಿಕ್ಕ ಲಿಸ್ಟ್ ಮುಗಿದಲ್ಲಿ ತೆಪ್ಪಗೆ ನಿಲ್ಲುತ್ತದೆ, ದೂರು ಹೇಳುವುದಿಲ್ಲ. ಆ ಜಾಗಕ್ಕೆ ಸೊನ್ನೆ ಹಾಕಬೇಡಿ, ಸೊನ್ನೆಯೂ ಒಂದು ತಾಪಮಾನವೇ. ನ್ಯಾನ್ ಹಾಕಿ, ‘ಇದು ಸಂಖ್ಯೆಯೇ ಅಲ್ಲ’ ಅನ್ನುವ ಗುರುತು ಅದು. ಒಟ್ಟು ಕೂಡಿಸಿದರೆ ಉತ್ತರವೂ ನ್ಯಾನ್ ಆಗುತ್ತದೆ, ಕಿರಿಕಿರಿ ನಿಜ, ಆದರೆ ಮುಚ್ಚಿಡುವುದಿಲ್ಲ. ನಾನಂತೂ ಸಮಯ, ತಾಪಮಾನ ಎರಡನ್ನೂ ಜೋಡಿ ಮಾಡಿ ಒಂದೇ ಲಿಸ್ಟ್‌ಗೆ ಹಾಕುತ್ತೇನೆ. ಆಗ ಒಂದು ಇನ್ನೊಂದನ್ನು ಬಿಟ್ಟು ಜಾರುವುದಿಲ್ಲ.

ಕೆಲವು ಸೆನ್ಸರ್‌ಗಳು ಸುಮ್ಮನಿರುವ ಬದಲು ಸುಳ್ಳು ಹೇಳುತ್ತವೆ. ಡಿಎಸ್18ಬಿ20 ಅಂತ ಒಂದು ಅಗ್ಗದ ಸೆನ್ಸರ್ ಇದೆ. ಕರೆಂಟ್ ಬಂದ ಮೇಲೆ ಅದು ಮೊದಲ ಅಳತೆ ತೆಗೆಯುವ ಮುಂಚೆಯೇ ಓದಿದರೆ 85 ಡಿಗ್ರಿ ಅನ್ನುತ್ತದೆ. ನೀರು ನಿಜಕ್ಕೂ 85 ಇದ್ದರೆ? ಹಿಂದುಮುಂದು ನೋಡಿ. 24, 85, 24 ಅಂತ ಇದ್ದರೆ ಅದಕ್ಕೂ ನ್ಯಾನ್.

ಲ್ಯಾಪ್‌ಟಾಪ್ ತೆರೆಯಿರಿ. ನಿಮಗೆ ಕೊಟ್ಟಿರುವ ಫೈಲ್‌ನಲ್ಲಿ ಎರಡು ಅಳತೆ ಇಲ್ಲ. ಯಾವ ನಿಮಿಷದವು ಅಂತ ನಾನು ಹೇಳುವುದಿಲ್ಲ.